ಕಣಜದೊಳಗಿನ ಅರ್ಧ ಗಂಟೆ

ಪಾಂಡವಪುರದ ನನ್ನ ಗಂಡನ ಮನೆಯಲ್ಲಿ ಗೋಡೆ ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಕೆಟ್ಟು ಹಾಗಾಗಿದ್ದಲ್ಲ, ಬೇಕೆಂದೇ ಇಟ್ಟದ್ದು. ನಮ್ಮ ಮಾವನವರು ಯಾವ ಕಾಲದಲ್ಲೋ ಮೈಸೂರಿನ ರೈಲು ತಪ್ಪಿಸಿಕೊಂಡು, ಸ್ಟೇಷನ್ನಿನಲ್ಲಿ ಅದರ ಕೊನೆಯ ಡಬ್ಬಿ ಮರೆಯಾಗುವುದನ್ನು ನೋಡುತ್ತ ನಿಂತಿದ್ದರಂತೆ. ಅಂದು ಮನೆಗೆ ಬಂದವರೇ ಸ್ಟೂಲು ಹತ್ತಿ ಮುಳ್ಳು ತಿರುಗಿಸಿದರು. ಅಲ್ಲಿಂದಾಚೆಗೆ ಊರಿಗೆಲ್ಲ ಒಂದು ಟೈಮು, ನಮ್ಮ ಮನೆಗೆ ಒಂದು ಟೈಮು. ತಮಾಷೆಯೆಂದರೆ ಇದು ಮನೆಯ ಎಲ್ಲರಿಗೂ ಗೊತ್ತು. ಗಡಿಯಾರ ಒಂಬತ್ತು ತೋರಿಸಿದರೆ ಎಂಟೂವರೆ ಎಂದು ಮನಸ್ಸಿನಲ್ಲೇ ಕಳೆದುಕೊಂಡು, ಮೊದಲಿನಷ್ಟೇ ನಿಧಾನವಾಗಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಯಾರಿಗೂ ಉಪಯೋಗಕ್ಕೆ ಬಾರದ ಆ ಅರ್ಧ ಗಂಟೆಯನ್ನು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ನನ್ನ ತವರು ಶ್ರೀರಂಗಪಟ್ಟಣ. ಬಿ.ಎಸ್ಸಿ. ಮುಗಿಸಿ ಬಂದವಳು. ಮದುವೆಯಲ್ಲಿ ಅಪ್ಪ ಕೊಟ್ಟ ಕೈಗಡಿಯಾರವನ್ನು ರೇಡಿಯೋ ವಾರ್ತೆಗೆ ಸರಿಯಾಗಿ ಇಟ್ಟುಕೊಳ್ಳುವುದು ನನ್ನ ಚಟ. ಬಂದ ಹೊಸದರಲ್ಲಿ ಮಾವ ಅದನ್ನು ಗಮನಿಸಿದರು.

"ಏನವ್ವ, ನಿನ್ ವಾಚು ಇಂದಕ್ಕೆ ಓಡ್ತಾ ಅದಲ್ಲ, ರಿಪೇರಿ ಮಾಡಿಸ್ಕಬಾರ್ದಾ?"

"ಇಲ್ಲ ಮಾವ, ಇದು ಸರಿಯಾಗೇ ಇದೆ."

"ಸರಿಯಾಗಿದ್ರೆ ನಮ್ಮನೆ ಗಡಿಯಾರಕ್ಕೆ ಯಾಕೆ ಸರಿವೋಗಾಕಿಲ್ಲ?"

ಇದಕ್ಕೆ ಉತ್ತರ ಬಿ.ಎಸ್ಸಿ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಸೊಸೆ ಎಂದಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು ಅಮ್ಮ ಹೇಳಿಕೊಟ್ಟಿದ್ದಳು.

ನಮ್ಮದು ಅಕ್ಕಸಾಲಿಗರ ಮನೆ. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಮಾವ ಬೆಳಿಗ್ಗೆ ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಊದುಗೊಳವೆ ಹಿಡಿದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಅಡುಗೆಮನೆ ನನಗೆ ಯಾರ ತಕರಾರೂ ಇಲ್ಲದೆ ಬಂದ ಆಸ್ತಿ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಳೆ, ಓಲೆ ಮಾಡಿಸುವವರೆಲ್ಲ ಮೈಸೂರಿನ ಗಾಜಿನ ಅಂಗಡಿಗಳಿಗೆ ಹೋಗತೊಡಗಿದ್ದರು. ಆದರೆ ತಾಳಿಯನ್ನು ಮಾತ್ರ ಮನೆತನದ ಅಕ್ಕಸಾಲಿಯ ಕೈಯಲ್ಲೇ ಮಾಡಿಸಬೇಕು ಎಂಬ ಪದ್ಧತಿ ಸುತ್ತಮುತ್ತಲ ಒಕ್ಕಲು ಮನೆಗಳಲ್ಲಿ ಉಳಿದಿತ್ತು. ತಾಳಿಗೆ ಬಂದವರು ಮುಂದೆ ಹೋಗುವುದು ಎಲ್ಲಿಗೆ? ಲಗ್ನಪತ್ರಿಕೆ ಮಾಡಿಸುವುದಕ್ಕೆ. ಅದನ್ನೂ ಇಲ್ಲೇ ಮಾಡಿಕೊಟ್ಟರೆ ಹೇಗೆ ಎಂಬ ಯೋಚನೆ ನನ್ನದು. ಈಗ ಕೇಳಿದರೆ ಆ ಮನೆಯಲ್ಲಿ ಮೂವರು ಗಂಡಸರೂ ಅದು ತಮ್ಮದೇ ಎನ್ನುತ್ತಾರೆ.

ಮೂವರೆಂದರೆ ಮಾವ, ನನ್ನ ಗಂಡ, ಮೈದುನ. ಗಂಡ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮೈದುನ ಮೋಟರು ಕಾಯಿಲ್ ಕಟ್ಟುತ್ತಿದ್ದವನು, ಆಮೇಲೆ ಸ್ಕ್ರೀನ್ ಪ್ರಿಂಟಿಂಗ್ ಕಲಿತ. ಕಂಪ್ಯೂಟರುಗಳು ಮೈಸೂರಿನ ಯಾವುದೋ ಆಫೀಸಿನವರು ಹೊರಗೆ ಹಾಕಿದ್ದವು, ಮೂರು. ಅವಕ್ಕೆ ನಮ್ಮ ಮೇಷ್ಟ್ರು ಲಿನಕ್ಸ್ ಹಾಕಿದರು. ಪತ್ರಿಕೆಯೊಂದರ ಜೊತೆ ಬಿಟ್ಟಿಯಾಗಿ ಬಂದ ಸೀಡಿ ಅದು. ಊರೆಲ್ಲ ವಿಂಡೋಸಿನಲ್ಲಿ ಇಲಿ ಒತ್ತಿಕೊಂಡು ಸುಖವಾಗಿದ್ದರೆ, ನಾವು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದೇ ಅಪ್ಪಣೆ ಟೈಪ್ ಮಾಡಬೇಕು. "ಕದ್ದ ಸಾಫ್ಟ್‌ವೇರು ನಮ್ಮನೇಲಿ ಬೇಡ" ಎಂದು ಗಂಡ ಹೇಳುವಾಗ ಅವರ ಮುಖದಲ್ಲಿ ಮುನ್ನೂರು ವರ್ಷದ ತಪಸ್ಸಿನ ಕಳೆ ಇರುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟರೆ ಕನ್ನಡದಲ್ಲಿ ಅಚ್ಚು ಮಾಡಿಕೊಡುವ ಏರ್ಪಾಡೊಂದನ್ನು ಎಲ್ಲಿಂದಲೋ ತಂದು ಹಾಕಿದರು. ಲೆಕ್ಕದ ಪ್ರೊಫೆಸರುಗಳು ಪುಸ್ತಕ ಬರೆಯಲು ಬಳಸುವ ವಸ್ತುವಂತೆ. ಅದರಲ್ಲಿ ನಾನು "ಭೂರಿಭೋಜನ" ಟೈಪ್ ಮಾಡುತ್ತಿದ್ದೆ.

ಮೂರರಲ್ಲಿ ಒಂದು ನಡುಮನೆಯಲ್ಲಿ, ನನ್ನದು. ಇನ್ನೊಂದು ಅಂಗಡಿಯಲ್ಲಿ ಪ್ರಿಂಟರಿನ ಜೊತೆ, ಮೈದುನನದು. ಮೂರನೆಯದು ಪರದೆಯೂ ಬೇಡ ಏನೂ ಬೇಡ ಎನ್ನುವಂಥ ದಪ್ಪ ಪೆಟ್ಟಿಗೆ, ಮಾವನ ಅಗ್ಗಿಷ್ಟಿಕೆಯಿಂದ ಮಾರು ದೂರದಲ್ಲಿ ಗೂಡಿನೊಳಗೆ ಇಟ್ಟದ್ದು. ಅದರೊಳಗೆ ದೊಡ್ಡ ಡಿಸ್ಕು. ಎಲ್ಲರ ಫೈಲುಗಳೂ ಅದರಲ್ಲಿ ಇರಬೇಕು, ಯಾವ ಮಿಷನ್ನಿನಿಂದ ಬೇಕಾದರೂ ತೆಗೆಯಬೇಕು, ಹಾಕಬೇಕು. ಗಂಡ ಅದಕ್ಕೆ ಕಣಜ ಎಂದು ಹೆಸರಿಟ್ಟರು. ಮೂರಕ್ಕೂ ಕರೀ ಕೇಬಲ್ಲು ಎಳೆದು, ಗವಾಕ್ಷಿಯೊಳಗಿಂದ ನುಗ್ಗಿಸಿ ಜೋಡಿಸಿದರು.

ಕಣಜ ಮೊದಲ ದಿನವೇ ನನ್ನ ಸ್ಥಾನ ತೋರಿಸಿತು. ಅದರಲ್ಲಿದ್ದದ್ದನ್ನು ನಾನು ಓದಬಹುದಿತ್ತು, ಬರೆಯುವಂತಿರಲಿಲ್ಲ. "ಪರ್ಮಿಷನ್ ಡಿನೈಡ್" ಎನ್ನುತ್ತಿತ್ತು. ಗಂಡ ಏನೋ ಬದಲಾಯಿಸಿದರು, ಬರೆಯಲು ಬಿಟ್ಟಿತು. ಆದರೆ ನಾನು ಬರೆದ ಫೈಲಿನ ಮುಂದೆ ಮಾಲೀಕರ ಹೆಸರು ಇರಬೇಕಾದ ಜಾಗದಲ್ಲಿ "ನೋಬಡಿ" ಎಂದು ತೋರಿಸಿತು. ನನ್ನ ಮಿಷನ್ನಿನಲ್ಲಿ ನನಗೆ ಕೊಟ್ಟ ನಂಬರು ಕಣಜದ ಲೆಕ್ಕದಲ್ಲಿ ಇರಲಿಲ್ಲವಂತೆ. ಗೊತ್ತಿಲ್ಲದವರು ಏನು ಬರೆದರೂ ಅದಕ್ಕೆ ಯಾರೂ ಮಾಲೀಕರಲ್ಲ ಎಂದು ಅದು ಬರೆದುಕೊಳ್ಳುತ್ತದಂತೆ. "ನಿಮ್ಮನೆ ಕಣಜಕ್ಕೆ ಸಂಪ್ರದಾಯ ಚೆನ್ನಾಗಿ ಗೊತ್ತು ಬಿಡಿ" ಎಂದೆ. ಗಂಡನಿಗೆ ಅರ್ಥವಾಗಲಿಲ್ಲ, ನಂಬರು ಸರಿ ಮಾಡಿದರು.

ಇನ್ನು ಕೇಬಲ್ಲಿನ ಕಥೆ. ಅದರ ತುದಿಗಳಲ್ಲಿ ಹಿತ್ತಾಳೆಯಂಥ ಸಣ್ಣ ಮುಚ್ಚಳ ಹಾಕಿರಬೇಕು, ತೆಗೆದರೆ ಇಡೀ ಜಾಲ ಸತ್ತುಹೋಗುತ್ತದೆ. ಒಂದು ಬೆಳಿಗ್ಗೆ ಮೂರು ಮಿಷನ್ನೂ ಒಂದನ್ನೊಂದು ಗುರುತಿಸದೆ ಕೂತವು. ಗಂಡ ಕಾಲೇಜಿಗೆ ರಜೆ ಹಾಕಿ, ಪ್ಯಾಂಟು ಮಡಚಿ, ನೆಲದ ಮೇಲೆ ಮಲಗಿ ಹುಡುಕಿದರು. ಕೊನೆಗೆ ಮುಚ್ಚಳ ಸಿಕ್ಕಿದ್ದು ಮಾವನ ಒರೆಗಲ್ಲಿನ ಪಕ್ಕ. ಒಳಗಿನ ಕಡ್ಡಿ ಹಳದಿಯಾಗಿ ಹೊಳೆಯುತ್ತಿತ್ತೆಂದು ಬಿಚ್ಚಿಕೊಂಡು ಉಜ್ಜಿ ನೋಡಿದ್ದರು.

"ಚಿನ್ನದ ನೀರು ಕುಡಿಸವ್ರೆ ಅಷ್ಟೇಯ, ಒಳಗೆ ಏನೂ ಇಲ್ಲ ಕಣ್ಲಾ" ಎಂದು ಮಗನಿಗೆ ತೀರ್ಪು ಕೊಟ್ಟರು. ನೆಟ್‌ವರ್ಕಿನ ಬಗ್ಗೆ ಆ ಮನೆಯಲ್ಲಿ ಬಂದ ಅಭಿಪ್ರಾಯಗಳಲ್ಲಿ ನನಗೆ ಒಪ್ಪಿಗೆಯಾದದ್ದು ಅದೊಂದೇ.

ಅಕ್ಕಸಾಲಿಗರ ಮನೆಯಲ್ಲಿ ಅಮಾವಾಸ್ಯೆ ದಿನ ಆಯುಧ ಮುಟ್ಟುವುದಿಲ್ಲ, ಅಗ್ಗಿಷ್ಟಿಕೆ ಹೊತ್ತಿಸುವುದಿಲ್ಲ. ಉಳಿದ ದಿನಗಳಲ್ಲಿ ಬೆಳಿಗ್ಗೆ ಮೊದಲು ಯಜಮಾನ ಮುಟ್ಟಬೇಕು, ಆಮೇಲೆ ಬೇರೆಯವರು. ಕಣಜವೂ ಗೂಡಿನಲ್ಲಿ ಆಯುಧಗಳ ಪಕ್ಕವೇ ಕೂತಿದ್ದರಿಂದ ಅದಕ್ಕೂ ಇದೇ ನೇಮ ಎಂದು ಮಾವ ಗೊತ್ತು ಮಾಡಿದರು. ಕಣಜದ ಸ್ವಿಚ್ಚು ಒತ್ತುವುದು ಅವರು, ಸಂಜೆ ಆರಿಸುವುದೂ ಅವರೇ. ಮುಂದೆ ಒಂದು ಅಮಾವಾಸ್ಯೆ ದಿನ ಗಂಡನ ಪರದೆಯ ಮೇಲೆ "ಸರ್ವರ್ ನಾಟ್ ರೆಸ್ಪಾಂಡಿಂಗ್" ಎಂದು ಬಂದಾಗ, ಪಂಚಾಂಗ ನೋಡುವ ಬದಲು ಅವರು ಮೂರು ಇಂಗ್ಲಿಷ್ ಪುಸ್ತಕ ನೋಡಿದರು.

ಕಣಜದ ಹೊಟ್ಟೆಯಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟು ತೆಗೆದರೂ ಒಳಗಿನ ಗಡಿಯಾರ ನಿಲ್ಲದಿರಲಿ ಎಂದು. ಹಳೇ ಮಿಷನ್ನು, ಬ್ಯಾಟರಿ ಸತ್ತಿತ್ತು. ಹಾಗಾಗಿ ಪ್ರತಿ ಬೆಳಿಗ್ಗೆ ಅದು ಹುಟ್ಟಿದಾಗ ಇಂದು ಯಾವ ತಾರೀಖು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. ಹಾಗೆ ಕೇಳುವಂತೆ ಗಂಡನೇ ಬರೆದಿಟ್ಟಿದ್ದರು, ಪಕ್ಕದಲ್ಲಿ ಒಂದು ಪುಟ್ಟ ಪರದೆಯನ್ನೂ ಇಟ್ಟರು. ಮಾವ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಅಗ್ಗಿಷ್ಟಿಕೆಗೆ ಕೈಮುಗಿದು, ಕಣಜದ ಮುಂದೆ ನಿಂತು ತೋರುಬೆರಳಲ್ಲಿ ಒಂದೊಂದೇ ಅಂಕಿ ಒತ್ತುತ್ತಿದ್ದರು. ಹೊಸ ಬ್ಯಾಟರಿ ಹಾಕೋಣ ಎಂದು ಮೈದುನ ಒಮ್ಮೆ ಹೇಳಿದ್ದಕ್ಕೆ ಸಿಟ್ಟು ಮಾಡಿದರು.

"ಬ್ಯಾಡ ಸುಮ್ಕಿರ್ಲಾ. ಯಜಮಾನನ್ನ ಕೇಳ್ಕಂಡು ಕೆಲ್ಸ ಸುರು ಮಾಡೋದು ಈ ಮನೇಲಿ ಇದೊಂದೇಯ."

ಗಂಟೆ ಎಷ್ಟು ಎಂದು ತಿಳಿಯಲು ಅವರು ತಲೆ ಎತ್ತಿ ಎಲ್ಲಿ ನೋಡುತ್ತಿದ್ದರು ಎಂಬುದು ಆಗ ಯಾರ ತಲೆಗೂ ಹೋಗಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಗಿರಾಕಿ ಬರೆದು ತಂದದ್ದನ್ನು ನಾನು ಟೈಪ್ ಮಾಡಿ ಕಣಜಕ್ಕೆ ಹಾಕುವುದು. ಮೈದುನ ಅಂಗಡಿಯಿಂದಲೇ ಕಣಜದಲ್ಲಿರುವ ಆ ಫೈಲನ್ನು ತೆರೆದು, ಗಣಪತಿ ಕೂರಿಸಿ, ಸಾಲು ನೆಟ್ಟಗೆ ಮಾಡಿ, ಒಂದು ಪ್ರತಿ ತೆಗೆದು ಗಿರಾಕಿಗೆ ತೋರಿಸುವುದು. ಗಿರಾಕಿ ಹೇಳಿದ ತಿದ್ದುಪಡಿಯನ್ನು ನಾನು ನನ್ನ ಮಿಷನ್ನಿನಲ್ಲಿರುವ ಪ್ರತಿಯಲ್ಲಿ ಮಾಡಿ, "ಕೂಡಿಸು" ಎಂಬ ಅಪ್ಪಣೆ ಕೊಡುವುದು. ಅದು ಗಂಡ ಬರೆದ ಅಪ್ಪಣೆ. ಪದೇಪದೇ ಕರೆಂಟು ಹೋಗುವ ಊರು, ಎಲ್ಲವೂ ಒಂದೇ ಕಡೆ ಇದ್ದರೆ ಅಪಾಯ, ಅದಕ್ಕೆ ನನ್ನಲ್ಲೊಂದು ಪ್ರತಿ, ಕಣಜದಲ್ಲೊಂದು ಪ್ರತಿ. "ಕೂಡಿಸು" ಎಂದರೆ ಎರಡನ್ನೂ ಹೋಲಿಸಿ, ಯಾವುದು ಹೊಸದೋ ಅದನ್ನು ಇಟ್ಟುಕೊಂಡು, ಹಳೆಯದರ ಮೇಲೆ ಅದನ್ನೇ ಬರೆದುಬಿಡುತ್ತದೆ. ಆಮೇಲೆ ಮೈದುನ ಕೊನೆಯ ಪ್ರತಿ ತೆಗೆದು, ಅದರಿಂದ ಸ್ಕ್ರೀನು ಮಾಡಿ ಕಾರ್ಡು ಅಚ್ಚು ಹಾಕುತ್ತಾನೆ. ಅವನು ಕಾರ್ಡಿನಲ್ಲಿ ನೋಡುತ್ತಿದ್ದದ್ದು ಗಣಪತಿ ಸೊಟ್ಟಗಿದ್ದಾನೋ ನೆಟ್ಟಗಿದ್ದಾನೋ ಅಷ್ಟೇ. ಓದುವುದು ತನ್ನ ಕೆಲಸವಲ್ಲ ಎಂದು ಅವನು ಶಾಲೆಯಲ್ಲೇ ತೀರ್ಮಾನಿಸಿದ್ದ.

ಮೊದಲ ಪೆಟ್ಟು ತೊಣ್ಣೂರಿನ ಗೃಹಪ್ರವೇಶದ ಕಾರ್ಡಿನಲ್ಲಿ ಬಿತ್ತು. ಗಿರಾಕಿ ಬಸ್ಸಿಗೆ ಹೊತ್ತಾಯಿತೆಂದು ನಿಂತೇ ತಿದ್ದುಪಡಿ ಹೇಳಿದ್ದರು, ಗುರುವಾರ ಅಲ್ಲ ಶುಕ್ರವಾರ ಎಂದು. ತಿದ್ದಿದೆ. ಕಾರ್ಡು ಬಂದಾಗ ಗುರುವಾರವೇ ಇತ್ತು. ಮನೆ ಇನ್ನೂ ತೊಳೆಯುತ್ತಿರುವಾಗಲೇ ನೆಂಟರು ಒಂದು ಟೆಂಪೊ ತುಂಬ ಬಂದಿಳಿದರಂತೆ.

"ತಿದ್ದಿದ್ದೆ ಮಾವ" ಎಂದೆ.

"ತಿದ್ದಿದ್ರೆ ಗುರುವಾರ ಎಲ್ಲಿಂದ ಬಂತವ್ವ, ತಾನಾಗೇ ನಡ್ಕಂಡ್ ಬಂತಾ?"

ಎರಡನೆಯದು ಕೆ.ಆರ್. ಪೇಟೆಯ ಮದುವೆ. ಬೀಗರೂಟದ ಜಾಗ ಛತ್ರವಲ್ಲ, ವರನ ಸ್ವಗೃಹ ಎಂದು ತಿದ್ದಿದ್ದೆ. ಛತ್ರ ಎಂದೇ ಅಚ್ಚಾಯಿತು. ಮೂರನೆಯದೂ ಮದುವೆಯದೇ. ವಧುವಿನ ತಾಯಿ ತೀರಿಕೊಂಡಿದ್ದರು. ಹೆಸರಿನ ಹಿಂದೆ ದಿವಂಗತ ಎಂದು ಸೇರಿಸಲು ಹುಡುಗಿಯ ಅಪ್ಪ ಮೆಲ್ಲಗೆ ಹೇಳಿದ್ದರು, ನಾನು ಅಷ್ಟೇ ಮೆಲ್ಲಗೆ ಸೇರಿಸಿದ್ದೆ. ಕಾರ್ಡಿನಲ್ಲಿ ಆ ತಾಯಿ ಎಲ್ಲರ ಸುಖಾಗಮನವನ್ನು ಬಯಸುತ್ತಿದ್ದರು. ಆ ಅಪ್ಪ ಜಗಳವಾಡಲಿಲ್ಲ. ಕಾರ್ಡಿನ ಕಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಿದ್ದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮಾವ ಅಂದೇ ಊಟಕ್ಕೆ ಕೂತಾಗ ತೀರ್ಪು ಹೇಳಿದರು. "ಇನ್ನೊಂದ್ ತಪ್ಪಾದ್ರೆ ಅಷ್ಟೇಯ. ನಾಗಮಂಗಲದಿಂದ ಅಣ್ಣನ್ ಮಗನ್ನ ಕರುಸ್ತೀನಿ. ಕಂಪ್ಯೂಟರ್ ಕೋರ್ಸ್ ಮಾಡವ್ನೆ, ಅವ್ನೇ ಕೂರ್ಲಿ. ಇವ್ಳು ಒಲೆ ಮುಂದೆ ಇದ್ರೆ ಸಾಕು."

ಇವಳು ಎಂದರೆ ನಾನು. ಅವರ ತಟ್ಟೆಗೆ ಆಗ ಮುದ್ದೆ ಬಡಿಸುತ್ತಿದ್ದವಳು. ನನಗೆ ಆ ಕುರ್ಚಿ ಬೇಕಿತ್ತು. ಆ ಮನೆಯಲ್ಲಿ ನಾನು ಕೂತು ಮಾಡುತ್ತಿದ್ದ ಕೆಲಸ ಅದೊಂದೇ, ಉಳಿದದ್ದೆಲ್ಲ ನಿಂತು ಮಾಡುವುದು. ಪಾಂಡವಪುರದಲ್ಲಿ ಜನ ನನ್ನ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದದ್ದೂ ಅದಕ್ಕೇ. ಅದು ಹೋದರೆ ನಾನು ಮತ್ತೆ ಮೇಷ್ಟ್ರ ಹೆಂಡತಿ. ಆ ಮುದ್ದೆಯನ್ನು ತಟ್ಟೆಗೆ ಸ್ವಲ್ಪ ಜೋರಾಗಿಯೇ ಹಾಕಿದೆ.

ಅಚ್ಚಿಗೆ ಮುಂಚೆ ಕೊನೆಯ ಪ್ರತಿಯನ್ನು ಇನ್ನೊಮ್ಮೆ ನನಗೆ ತೋರಿಸಲಿ ಎಂದು ಕೇಳಿಕೊಂಡೆ. "ಒಂದ್ ಕಾಗ್ದನ ಎಷ್ಟ್ ಸಲ ಓದೀಯವ್ವ? ಒಂದ್ಸಲಕ್ಕೇ ಸರಿಯಾಗ್ ಮಾಡು" ಎಂದರು. ವಾದ ಮುಗಿಯಿತು.

ಮೂವರು ಗಂಡಸರೂ ಈಗ ದುರಸ್ತಿಗೆ ಇಳಿದರು. ನನ್ನ ತಪ್ಪೇ ಎಂದು ಒಳಗೊಳಗೆ ಗಟ್ಟಿಯಾಗಿ ನಂಬಿದ್ದರೂ, ಮಿಷನ್ನು ಬಿಚ್ಚುವ ಅವಕಾಶ ಯಾರು ಬಿಡುತ್ತಾರೆ? ಮೈದುನನ ಪ್ರಕಾರ ದೋಷ ಕೇಬಲ್ಲಿನದು. "ತಿದ್ದಿದ್ದು ಅರ್ಧ ದಾರೀಲಿ ಲೀಕ್ ಆಯ್ತಾ ಅದೆ ಅತ್ತಿಗೆ" ಎಂದು ಹೇಳಿ, ಮೋಟರಿನ ವೈರಿಗೆ ಸುತ್ತುವ ಟೇಪನ್ನು ಉದ್ದಕ್ಕೂ ಸುತ್ತಿದ. ಗಂಡನ ಪ್ರಕಾರ ದೋಷ ಫೈಲು ಹಂಚುವ ಏರ್ಪಾಡಿನದು. ಕಣಜಕ್ಕಿದ್ದ ಸಂಪರ್ಕವನ್ನು ನನ್ನ ಮಿಷನ್ನಿನಲ್ಲಿ ಕಳಚುವುದು, ಮತ್ತೆ ಜೋಡಿಸುವುದು. "ಸ್ಟೇಲ್ ಫೈಲ್ ಹ್ಯಾಂಡಲ್" ಎಂದು ಒಮ್ಮೆ ಬಂತು. ಫೈಲು ಹಳಸಿದೆ ಎಂದರ್ಥವಂತೆ. ಲಿನಕ್ಸನ್ನು ಪೂರ್ತಿ ಅಳಿಸಿ ಮತ್ತೆ ಹಾಕಿದರು. ಹೊಸ ಲಿನಕ್ಸು ಹಳೆಯದರಷ್ಟೇ ಶ್ರದ್ಧೆಯಿಂದ ನನ್ನ ತಿದ್ದುಪಡಿಯನ್ನು ನುಂಗಿತು. ಮಾವ ಇವರಿಬ್ಬರ ವಿದ್ಯೆಯನ್ನು ನಂಬದೆ ಕಣಜಕ್ಕೆ ನಿಂಬೆಹಣ್ಣು ಇಳಿಸಿ ತೆಗೆದರು. ಪರಿಣಾಮದಲ್ಲಿ ಮೂರು ಚಿಕಿತ್ಸೆಗಳೂ ಸಮ, ಖರ್ಚು ನಿಂಬೆಹಣ್ಣಿನದೇ ಕಡಿಮೆ.

ತಲೆ ಕೆಡಿಸುತ್ತಿದ್ದದ್ದು ಏನೆಂದರೆ, ತಪ್ಪು ಯಾವಾಗಲೂ ಆಗುತ್ತಿರಲಿಲ್ಲ. ಕಾರ್ಡು ನೋಡಿಕೊಂಡು ಹೋಗಿ ಮನೆಯಲ್ಲಿ ಹತ್ತು ಜನರಿಗೆ ತೋರಿಸಿ, ಮಾರನೆಯ ದಿನ ಬಂದು ತಿದ್ದುಪಡಿ ಹೇಳುವ ಗಿರಾಕಿಗಳ ಕಾರ್ಡು ಸರಿಯಾಗಿಯೇ ಬರುತ್ತಿತ್ತು. ನಿಂತ ಕಾಲಲ್ಲಿ ಹೇಳಿದವರದು ಕೆಡುತ್ತಿತ್ತು. "ಅರ್ಜೆಂಟಿನಲ್ಲಿ ನಿಂಗೆ ಗಾಬರಿಯಾಗುತ್ತೆ ಕಣೆ, ಸೇವ್ ಮಾಡೋದು ಮರೀತೀಯ" ಎಂದು ನನ್ನ ಗಂಡ ಪ್ರೀತಿಯಿಂದ ಹೇಳಿದರು. ಒಲೆಯ ಮೇಲೆ ಹಾಲು, ಮಡಿಲಲ್ಲಿ ಅವರೆಕಾಯಿ, ಬಾಗಿಲಲ್ಲಿ ಗಿರಾಕಿ ಇಟ್ಟುಕೊಂಡು ವರ್ಷದಿಂದ ಕೆಲಸ ಮಾಡುತ್ತಿದ್ದವಳಿಗೆ ಗಾಬರಿಯಂತೆ!

ಆಗ ಮಾವ ನೆಂಟರ ಮನೆಯ ಶುಭಕಾರ್ಯಕ್ಕೆ ಕಿಕ್ಕೇರಿಗೆ ಹೋದರು. ಅವರಿಲ್ಲದ ದಿನಗಳಲ್ಲಿ ಕಣಜ ಎಬ್ಬಿಸುವ ಕೆಲಸ ನನಗೆ ಬಂತು. ಸ್ವಿಚ್ಚು ಒತ್ತಿದೆ. ಗಂಟೆ ಎಷ್ಟು ಎಂದು ಅದು ಕೇಳಿದಾಗ ನನ್ನ ಕೈಗಡಿಯಾರ ನೋಡಿಕೊಂಡು ಒತ್ತಿದೆ. ಆ ದಿನಗಳಲ್ಲಿ ಎಂಥ ಅವಸರದ ಗಿರಾಕಿ ಬಂದರೂ ಒಂದು ಅಕ್ಷರ ತಪ್ಪಲಿಲ್ಲ. ಟೇಪಿನ ಮಹಿಮೆ ಎಂದು ಮೈದುನ ಮೀಸೆ ತಿರುವಿದ. ಮಾವ ಕಿಕ್ಕೇರಿಯಿಂದ ಬಂದರು, ಮಾರನೆಯ ಬೆಳಿಗ್ಗೆಯೇ ಅರ್ಜೆಂಟಿನ ನಾಮಕರಣದ ಕಾರ್ಡೊಂದರಲ್ಲಿ ನಾನು ತಿದ್ದಿದ ಸಾಲು ಮಾಯ. ಅಚ್ಚಿಗೆ ಹೋಗುವ ಮುಂಚೆ ಆ ಪ್ರತಿ ಹೇಗೋ ನನ್ನ ಕಣ್ಣಿಗೆ ಬಿದ್ದದ್ದರಿಂದ ಬಚಾವಾಯಿತು.

ಮಾವ ಮನೆಯಲ್ಲಿದ್ದರೆ ಮಿಷನ್ನು ಕೆಡುತ್ತದೆ, ಹೋದರೆ ಸರಿಹೋಗುತ್ತದೆ. ಎಲ್ಲ ಸೊಸೆಯರಿಗೂ ಗೊತ್ತಿರುವ ಮಾತೇ ಇದು, ಆದರೆ ಕಂಪ್ಯೂಟರಿಗೆ ಯಾರು ಹೇಳಿಕೊಟ್ಟರು ಎಂದು ಯೋಚನೆಗೆ ಬಿದ್ದೆ. ಮತ್ತೆ ತಿದ್ದಿ, "ಕೂಡಿಸು" ಎಂದು, ಈ ಸಲ ಎದ್ದು ಹೋಗದೆ ಅದೇ ಫೈಲನ್ನು ತೆರೆದೆ. ನನ್ನ ಮಿಷನ್ನಿನಲ್ಲಿ, ನನ್ನ ಕಣ್ಣೆದುರಿಗೆ, ನಾನು ಆಗತಾನೆ ಬರೆದದ್ದು ಹೋಗಿ ಹಳೆಯದು ಬಂದು ಕೂತಿತ್ತು. ಸಿಟ್ಟಿನಲ್ಲಿ ಕಣಜದ ಫೈಲುಗಳ ಪಟ್ಟಿ ತೆಗೆದು ನೋಡಿದೆ. ಒಂದೊಂದು ಫೈಲಿನ ಮುಂದೆಯೂ ಅದನ್ನು ಬರೆದ ಹೊತ್ತು ಇರುತ್ತದೆ. ಈ ಫೈಲನ್ನು ಹನ್ನೊಂದೂಕಾಲಿಗೆ ಬರೆದದ್ದು ಎಂದಿತ್ತು. ನನ್ನ ಕೈಯಲ್ಲಿ ಇನ್ನೂ ಹನ್ನೊಂದು ಆಗಿರಲಿಲ್ಲ. ಇನ್ನೂ ಆಗದ ಹೊತ್ತಿನಲ್ಲಿ ಬರೆದ ಫೈಲು! ತಲೆ ಎತ್ತಿ ಗೋಡೆ ನೋಡಿದೆ.

ಎಲ್ಲ ಬಿಡಿಸಿಕೊಂಡಿತು. ಮೈದುನ ಗಣಪತಿ ಕೂರಿಸಿದಾಗ ಕಣಜ ಆ ಫೈಲಿಗೆ ನಮ್ಮನೆ ಟೈಮು ಒತ್ತುತ್ತದೆ, ಅರ್ಧ ಗಂಟೆ ಮುಂದಿನದು. ಅದಾದ ಹತ್ತು ನಿಮಿಷಕ್ಕೆ ನಾನು ತಿದ್ದಿದರೆ, ನನ್ನ ವಾಚಿಗೆ ಹೊಂದಿಸಿಟ್ಟ ನನ್ನ ಮಿಷನ್ನು ಊರಿನ ಟೈಮು ಒತ್ತುತ್ತದೆ. "ಕೂಡಿಸು" ಎಂದಾಗ ನೋಡಿದರೆ ಕಣಜದಲ್ಲಿರುವುದೇ ಹೊಸದು, ನನ್ನದೇ ಹಳೆಯದು. ಹಳೆಯದನ್ನು ಅಳಿಸು. ಅರ್ಧ ಗಂಟೆ ಕಳೆದು ತಿದ್ದಿದರೆ ಮಾತ್ರ ನನ್ನದು ಉಳಿಯುತ್ತದೆ. ತೊಣ್ಣೂರಿನವರಿಗೆ ಬಸ್ಸಿತ್ತು, ಕಾಯಲಿಲ್ಲ.

ಗಂಡನಿಗೆ ತೋರಿಸಿದೆ. "ಅಯ್ಯೋ, ಇಷ್ಟೇನಾ!" ಎಂದು ಅವರ ಮುಖ ಅರಳಿತು. ತಕ್ಷಣ ಬಾಡಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಅಪ್ಪನಿಗೆ ಹೇಳೋದೇ ಬೇಡ ಕಣೆ. ಅವರು ಒತ್ತಿದ ಟೈಮಲ್ಲಿ ಅರ್ಧ ಗಂಟೆ ಕಳೆಯೋ ಹಾಗೆ ಒಳಗೊಳಗೇ ಬರೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗದೆ ಇದ್ರೆ ಆ ಮೂರು ತಪ್ಪು ಯಾರ ಹೆಸರಲ್ಲಿ ಇರುತ್ತೆ?"

"ಆಗಿದ್ದು ಆಗೋಯ್ತಲ್ಲ, ಬಿಡು."

ಭೌತಶಾಸ್ತ್ರ ಓದಿದ ಗಂಡಸು. ಗ್ರಹಗಳನ್ನು ತಿರುಗಿಸುವ ಧೈರ್ಯ ಇದೆ, ಅಪ್ಪನ ಗಡಿಯಾರದ ಮುಳ್ಳು ತಿರುಗಿಸುವ ಧೈರ್ಯವಿಲ್ಲ. ನನಗೆ ಸಿಟ್ಟಿನಲ್ಲಿ ಕಣ್ಣೀರು ಬಂತು. ಕದ್ದು ಸರಿ ಮಾಡುವುದು ನನಗೆ ಬೇಕಿರಲಿಲ್ಲ. ಇದು ನಿನ್ನ ತಪ್ಪಲ್ಲ ಎಂದು ಆ ಮನೆಯ ಯಜಮಾನರ ಬಾಯಿಂದ ಬರಬೇಕಿತ್ತು. ಏನೂ ಮುಟ್ಟಬೇಡಿ, ಇದ್ದ ಹಾಗೇ ಇರಲಿ ಎಂದೆ.

ಹೆಚ್ಚು ಕಾಯಬೇಕಾಗಲಿಲ್ಲ. ಮೈದುನನಿಗೆ ಅಕ್ಕಿಹೆಬ್ಬಾಳಿನ ಹುಡುಗಿ ಗೊತ್ತಾಯಿತು. ಲಗ್ನಪತ್ರಿಕೆ ನಮ್ಮದೇ, ಗಿರಾಕಿ ಮಾವನೇ. ನಾನು ಟೈಪ್ ಮಾಡಿದೆ. ಮೈದುನ ತನ್ನ ಮದುವೆಯ ಗಣಪತಿಯನ್ನು ವಿಶೇಷ ಭಕ್ತಿಯಿಂದ ಕೂರಿಸಿ ಪ್ರತಿ ತೆಗೆದುಕೊಟ್ಟ. ಮಾವ ಕನ್ನಡಕ ಏರಿಸಿ ಓದಿ ಎದೆ ಹಿಡಿದುಕೊಂಡರು. ಸುಖಾಗಮನ ಬಯಸುವವರ ಸಾಲಿನಲ್ಲಿ ನಾಗಮಂಗಲದ ಅಣ್ಣನ ಹೆಸರನ್ನೇ ಬಿಟ್ಟುಬಿಟ್ಟಿದ್ದರು. ಅಂಥ ಕಾರ್ಡು ಅಣ್ಣನ ಮನೆಗೆ ಹೋದರೆ ಮೂರು ತಲೆಮಾರು ಮಾತಿಲ್ಲ.

"ಬೇಗ ಆಕವ್ವ, ಮೊದ್ಲು ಆಕು" ಎಂದು ನನ್ನ ಕುರ್ಚಿಯ ಪಕ್ಕದಲ್ಲೇ ಬಂದು ನಿಂತರು.

ಇದೇ ನನಗೆ ಬೇಕಿದ್ದದ್ದು. ಅವರ ಕಣ್ಣೆದುರು ಹೆಸರು ಹಾಕಿದೆ. ಓದಿಸಿದೆ. ತಲೆಯಾಡಿಸಿದರು. "ಕೂಡಿಸು" ಎಂದು ಒತ್ತಿ, ಅದೇ ಫೈಲನ್ನು ಮತ್ತೆ ತೆರೆದು, "ಈಗ ಓದಿ ಮಾವ" ಎಂದೆ.

ಅಣ್ಣ ಇರಲಿಲ್ಲ.

"ಇದೇನವ್ವ ಇದು! ಈಗ್ ತಾನೇ ಆಕ್ದಲ್ಲ! ನಾನೇ ಕಣ್ಣಾರೆ ನೋಡ್ನಲ್ಲ!"

"ನಾನು ಹಾಕಿದ್ದನ್ನ ನೀವು ಕಣ್ಣಾರೆ ನೋಡಿದ್ರಲ್ಲ ಮಾವ, ಅಷ್ಟು ಸಾಕು. ಗುರುವಾರವೂ ಹೀಗೇ ಬಂತು. ಛತ್ರವೂ ಹೀಗೇ ಬಂತು. ಆ ತಾಯಿ ಹೆಸರೂ ಹೀಗೇ ಬಂತು" ಎಂದು, ಪಟ್ಟಿಯಲ್ಲಿದ್ದ ಹೊತ್ತು ತೋರಿಸಿದೆ, ನನ್ನ ಕೈ ತೋರಿಸಿದೆ, ಗೋಡೆ ತೋರಿಸಿದೆ. ಒಂದೊಂದನ್ನೂ ನಿಧಾನವಾಗಿ ಹೇಳಿದೆ.

ಮಾವ ಗೋಡೆ ನೋಡಿದರು. ನನ್ನ ಕೈ ನೋಡಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕಡೆ ತಿರುಗಿದರು.

"ಲೇ ಮೇಷ್ಟ್ರೇ, ಇವ್ಳು ಯೋಳ್ತಿರೋದು ದಿಟವೇನ್ಲಾ?"

ಗಂಡ ಗಂಟಲು ಸರಿ ಮಾಡಿಕೊಂಡರು. "ಊಂ ಕಣಪ್ಪ. ಎಲ್ಲಾ ಮಿಷನ್ನಲ್ಲೂ ಒಂದೇ ಟೈಮ್ ಇರ್ಬೇಕು, ಅಷ್ಟೇಯ. ಯಾವ್ದಾದ್ರೂ ಆಗ್ಲಿ, ಒಂದೇ ಆದ್ರೆ ಸಾಕು."

ಯಾವುದಾದರೂ ಆಗಲಿ! ಆ ಒಂದು ಮಾತಿನಲ್ಲಿ ನನ್ನ ಗಂಡ ಪಾರಾದರು, ನಾನು ಮುಳುಗಿದೆ. ಮಾವನ ಮುಖದಲ್ಲಿ ಬಣ್ಣ ವಾಪಸು ಬಂತು.

"ಅಂಗನ್ನು ಮತ್ತೆ! ಒಂದ್ ಮನೇಲಿ ಒಬ್ಬೊಬ್ರುದು ಒಂದೊಂದ್ ಟೈಮ್ ಆದ್ರೆ ಮಿಷನ್ನಾದ್ರೂ ಏನ್ ಮಾಡಾದು? ನಾನು ಇವ್ಳು ಬಂದಾಗ್ಲೇ ಯೋಳಿರ್ನಿಲ್ವಾ, ನಿನ್ ವಾಚು ಇಂದಕ್ಕೆ ಓಡ್ತದೆ ಅಂತ? ಎಲ್ಲಾನೂ ನಮ್ಮನೆ ಟೈಮ್‌ಗೆ ಆಕ್ಲಾ."

ಹಾಕಿದರು. ನನ್ನ ಮಿಷನ್ನು, ಅಂಗಡಿಯ ಮಿಷನ್ನು, ಎರಡನ್ನೂ ಅರ್ಧ ಗಂಟೆ ಮುಂದಕ್ಕೆ ತಳ್ಳಿದರು. ಇಡೀ ತಾಲ್ಲೂಕಿಗೆ ತಪ್ಪಾದ ಆ ಟೈಮಿನಲ್ಲಿ ಮೂರೂ ಒಗ್ಗಟ್ಟಾದವು, ಅಂದಿನಿಂದ ಒಂದೇ ಒಂದು ತಿದ್ದುಪಡಿ ಕಳೆಯಲಿಲ್ಲ. ನಾಗಮಂಗಲದ ಅಣ್ಣ ಕಾರ್ಡಿನಲ್ಲಿ ತಮ್ಮ ಹೆಸರು ನೋಡಿ ಸಂತೋಷಪಟ್ಟರು. ಕೋರ್ಸು ಮಾಡಿದ ಅವರ ಮಗನನ್ನು ಯಾರೂ ಕರೆಸಲಿಲ್ಲ, ಕುರ್ಚಿ ನನಗೇ ಉಳಿಯಿತು. ನನಗೆ ಬೇಕಿದ್ದ ಆ ಒಂದು ಮಾತು ಮಾತ್ರ ಬರಲಿಲ್ಲ. ಅಕ್ಕಿಹೆಬ್ಬಾಳಿನ ಚಪ್ಪರದಲ್ಲಿ ಮಾವ ಬೀಗರಿಗೆ ಹೇಳುತ್ತಿದ್ದದ್ದನ್ನು ಪಾಯಸ ಬಡಿಸುತ್ತ ನಾನೇ ಕೇಳಿಸಿಕೊಂಡೆ: "ಕಂಪ್ಯೂಟ್ರು ತಪ್ ತಪ್ ಮಾಡ್ತಿತ್ತು. ಮೇಷ್ಟ್ರು ಕೈಲೂ ಆಗ್ನಿಲ್ಲ. ಆಮ್ಯಾಕೆ ನಾನೇ ನಿಂತ್ಕಂಡು ಟೈಮ್ ಸರಿ ಮಾಡ್ಸಿದ್ ಮ್ಯಾಲೆ ಸರಿವೋಯ್ತು." ಅವರ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದೆ.

ಕೈಗಡಿಯಾರವನ್ನು ಮಾತ್ರ ನಾನು ತಿರುಗಿಸಲಿಲ್ಲ. ಆ ಮನೆಯಲ್ಲಿ ಊರಿನ ಟೈಮು ಇದ್ದದ್ದು ಇನ್ನು ನನ್ನ ಕೈಯಲ್ಲಿ ಮಾತ್ರ. ಇದು ಮಾವನಿಗೂ ಗೊತ್ತಿತ್ತು.

ವಯಸ್ಸಾಗುತ್ತ ಅವರಿಗೆ ಮನಸ್ಸಿನಲ್ಲೇ ಕಳೆಯುವ ಲೆಕ್ಕ ತಪ್ಪತೊಡಗಿತು. ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ ಎಂದು ಅನುಮಾನ. ಒಂದು ಬೆಳಿಗ್ಗೆ ಮೈಸೂರಿನ ರೈಲಿಗೆ ಹೊರಟವರು, ಚೀಲ ಹಿಡಿದು ಅಡುಗೆಮನೆಯ ಹೊಸಿಲ ಹತ್ತಿರ ಬಂದು ನಿಂತರು. ತಮ್ಮ ಗಂಡುಮಕ್ಕಳಿಬ್ಬರೂ ಹತ್ತಿರದಲ್ಲಿಲ್ಲ ಎಂದು ಹಿಂದೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು.

"ಅವ್ವಾ" ಎಂದರು, ದನಿ ಬಹಳ ಸಣ್ಣದು ಮಾಡಿ. "ನಿನ್ ವಾಚಲ್ಲಿ ಈಗ ಎಷ್ಟಾಯ್ತು?"

ಮುದ್ದೆ ತಿರುವುತ್ತಿದ್ದೆ. ಕೈ ನೋಡಿಕೊಳ್ಳಲಿಲ್ಲ.

"ಗೋಡೆ ಮೇಲಿದೆಯಲ್ಲ ಮಾವ" ಎಂದೆ. "ಅಷ್ಟೇ ಆಗಿದೆ."